ಖಾಲಿ ಬಫರಿನಲ್ಲೂ ಸೀಸ

ಬೆಂಗಳೂರು ಹನುಮಂತನಗರದ ನಮ್ಮ ಮನೆ ಹಳೇದು. ಅಡುಗೆಮನೆಯ ಹಿತ್ತಾಳೆ ನಲ್ಲಿಗೆ ನನಗಿಂತ ವಯಸ್ಸು ಜಾಸ್ತಿ. ಲೇತಿನಲ್ಲಿ ಕಡೆಯುವುದಕ್ಕೆ ಸಲೀಸಾಗಲಿ ಅಂತ ಹಿತ್ತಾಳೆಗೆ ಸ್ವಲ್ಪ ಸೀಸ ಬೆರೆಸುತ್ತಾರೆ. ರಾತ್ರಿಯೆಲ್ಲ ನಲ್ಲಿಯಲ್ಲಿ ನಿಂತ ನೀರಿಗೆ ಅದೆಷ್ಟು ಇಳಿಯಬಹುದು? ಲ್ಯಾಬಿನಲ್ಲಿ ಪೊಟೆನ್ಶಿಯೋಸ್ಟಾಟ್ (ಎಲೆಕ್ಟ್ರೋಡಿಗೆ ಬೇಕಾದ ವೋಲ್ಟೇಜು ಕೊಟ್ಟು ಹರಿಯುವ ಕರೆಂಟು ಅಳೆಯುವ ಯಂತ್ರ) ಇತ್ತು, ನೋಡಿಯೇಬಿಡೋಣ ಅಂದುಕೊಂಡೆ.

ಹಿಡಿದದ್ದು ಸ್ಟ್ರಿಪ್ಪಿಂಗ್ ವೋಲ್ಟಾಮೆಟ್ರಿ. ಮೈನಸ್ 1.2 ವೋಲ್ಟಿನಲ್ಲಿ ಎರಡು ನಿಮಿಷ ಕಲಕುತ್ತಾ ಸೀಸವನ್ನು ಎಲೆಕ್ಟ್ರೋಡಿನ ಮೇಲೆ ಲೋಹವಾಗಿ ಕೂರಿಸಬೇಕು. ಆಮೇಲೆ ವೋಲ್ಟೇಜು ಏರಿಸುತ್ತಾ ಹೋದರೆ ಮೊದಲು ಕ್ಯಾಡ್ಮಿಯಂ ಬಿಡುತ್ತದೆ, ಮೈನಸ್ 0.5ರ ಆಸುಪಾಸಿನಲ್ಲಿ ಸೀಸ. ಬಿಡುವಾಗ ಹರಿಯುವ ಕರೆಂಟು ಗ್ರಾಫಿನಲ್ಲಿ ಶಿಖರವಾಗಿ ಏಳುತ್ತದೆ; ಸೀಸ ಹೆಚ್ಚಿದ್ದಷ್ಟೂ ಶಿಖರ ಎತ್ತರ. ಹುಂಡಿಯಲ್ಲಿ ಚಿಲ್ಲರೆ ಕೂಡಿಹಾಕಿ ಒಂದೇ ಸಲ ಎಣಿಸಿದ ಹಾಗೆ. ಅದಕ್ಕೇ ನೂರು ಕೋಟಿಯಲ್ಲಿ ಒಂದೆರಡು ಪಾಲಿದ್ದರೂ ಕೈಗೆ ಸಿಗುತ್ತದೆ. 1922ರಲ್ಲಿ ಜೆಕ್ ರಸಾಯನವಿಜ್ಞಾನಿ ಹೇರೋವ್‌ಸ್ಕಿ ಶುರುಮಾಡಿದ ಪೋಲರೋಗ್ರಫಿಯಲ್ಲಿ, ಅಂದರೆ ಈ ವಿಧಾನದ ಮೂಲದಲ್ಲಿ, ಎಲೆಕ್ಟ್ರೋಡೇ ತೊಟ್ಟಿಕ್ಕುವ ಪಾದರಸ. ನನಗೆ ಆ ಸಹವಾಸ ಬೇಡವಾಗಿತ್ತು. ಪಾದರಸದ ಬದಲಿಗೆ, ಪಿಎಚ್ 4.5ರ ಅಸಿಟೇಟ್ ಬಫರಿಗೆ (ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣ) ಚೂರು ಬಿಸ್ಮತ್ ಲವಣ ಹಾಕಿದೆ. ನನ್ನ ಎಲೆಕ್ಟ್ರೋಡಾದ ಗ್ಲಾಸಿ ಕಾರ್ಬನ್ ಮೇಲೆ ಸೀಸದ ಜೊತೆಗೇ ಅದೂ ಕೂರುತ್ತದೆ. ವೋಲ್ಟೇಜನ್ನು ಚೌಕ ಅಲೆಗಳಲ್ಲಿ ಏರಿಸುವ ಸ್ಕ್ವೇರ್ ವೇವ್ ಓಡಿಸಿದ್ದರಿಂದ, ನೀರಿನ ಆಮ್ಲಜನಕ ಓಡಿಸಲು ನೈಟ್ರೋಜನ್ ಸಿಲಿಂಡರಿಗೂ ಕಾಯಬೇಕಾಗಲಿಲ್ಲ.

ಮೊದಲ ವಾರ ಎಲೆಕ್ಟ್ರೋಡನ್ನು ಬರೀ ಉಜ್ಜಿದ್ದೇ. 0.05 ಮೈಕ್ರಾನ್ ಅಲ್ಯೂಮಿನಾ, ಒದ್ದೆ ಪ್ಯಾಡು, ಇಂಗ್ಲಿಷಿನ ಎಂಟರ ಆಕಾರದಲ್ಲಿ. ಮೈ ಚೊಕ್ಕಟವಾಗಿದೆಯೇ ಅಂತ ನೋಡಲು ಫೆರಿಸೈನೈಡಿನಲ್ಲಿ ಸೈಕ್ಲಿಕ್ ವೋಲ್ಟಾಮೊಗ್ರಾಮ್ (ವೋಲ್ಟೇಜು ಏರಿಸಿ ಇಳಿಸಿ ತೆಗೆದ ಗ್ರಾಫ್) ತೆಗೆದರೆ ಎರಡು ಶಿಖರಗಳ ನಡುವೆ 59 ಮಿಲಿವೋಲ್ಟ್ ಇರಬೇಕು ಅನ್ನುತ್ತದೆ ಸಿದ್ಧಾಂತ. ನನಗೆ ಬಂದದ್ದು 140. ಉಜ್ಜಿ ಉಜ್ಜಿ 75ಕ್ಕೆ ಇಳಿಸಿ, ಸಾಕಪ್ಪ ಅಂದೆ. ಗ್ರಾಫಿನ ಗೆರೆ ನಡುಗುತ್ತಿತ್ತು, ಕರೆಂಟ್ ಲೈನಿನ 50 ಹರ್ಟ್ಸ್ ಕಾಟ. ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಸೆಲ್ (ದ್ರಾವಣ, ಎಲೆಕ್ಟ್ರೋಡುಗಳಿರುವ ಪಾತ್ರೆ) ಇಟ್ಟು, ಎಸ್.ಪಿ. ರೋಡಿನಿಂದ ತಂದ ವೈರಿನಲ್ಲಿ ಡಬ್ಬವನ್ನು ಅರ್ತ್ ಮಾಡಿದೆ. ತಣ್ಣಗಾಯಿತು.

ಆಮೇಲೆ ಬರೀ ಬಫರ್ ಓಡಿಸಿದೆ. ಮೈನಸ್ 0.5ರಲ್ಲಿ ದೊಡ್ಡ ಗುಡ್ಡ! ಮನೆಯ ನೀರು ಇನ್ನೂ ಬಾಟಲಿಯಲ್ಲೇ ಇತ್ತು. ನೀರು ಬದಲಿಸಿದೆ, ಆಸಿಡ್ ಬದಲಿಸಿದೆ, ಬಿಸ್ಮತ್ ಲವಣದ ಮೇಲೂ ಅನುಮಾನಪಟ್ಟೆ. ಮೂರು ದಿನ ಆದಮೇಲೆ ನೆನಪಾಯಿತು: ಸೀಸದ ಗಟ್ಟಿ ಸ್ಟಾಕ್ ದ್ರಾವಣ ಮಾಡಿದ್ದೂ ನಾನೇ, ಬಫರ್ ಮಾಡಿದ ಅದೇ ಫ್ಲಾಸ್ಕಿನಲ್ಲೇ. ಗಾಜಿಗೆ ಅಂಟಿದ ಸೀಸ ಸೋಪಿಗೆಲ್ಲ ಜಗ್ಗುವುದಿಲ್ಲ. ಅವತ್ತಿನಿಂದ ಬ್ಲ್ಯಾಂಕಿಗೇ (ಸೀಸ ಹಾಕದ ಬರೀ ಬಫರಿಗೆ) ಬೇರೆ ಪ್ಲಾಸ್ಟಿಕ್ ಬಾಟಲಿ, ಇಡೀ ರಾತ್ರಿ 10 ಪರ್ಸೆಂಟ್ ನೈಟ್ರಿಕ್ ಆಸಿಡಿನಲ್ಲಿ ನೆನೆಸಿದ್ದು. ಗುಡ್ಡ ಕರಗಿ ಬರೀ ಉಬ್ಬು ಉಳಿಯಿತು.

ನಲ್ಲಿ ನೀರಿನಲ್ಲಿರುವ ಇತರ ವಸ್ತುಗಳು ಶಿಖರವನ್ನು ಕುಗ್ಗಿಸುತ್ತವೆ. ಶುದ್ಧ ಬಫರಿನ ಗ್ರಾಫ್ ನಂಬಿದರೆ ಸೀಸ ಕಮ್ಮಿ ಅಂತಲೇ ಉತ್ತರ ಬರುತ್ತದೆ. ಅದಕ್ಕೆ ಅದೇ ನೀರಿಗೆ ಗೊತ್ತಿರುವಷ್ಟು ಸೀಸ ಮೂರು ಸಲ ಸೇರಿಸಿ, ಶಿಖರ ಬೆಳೆದದ್ದನ್ನು ನೋಡಿ ಹಿಂದಕ್ಕೆ ಲೆಕ್ಕ ಹಾಕಿದೆ.

ಬೆಳಗಿನ ಮೊದಲ ಲೋಟದಲ್ಲಿ 14 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ 14 ಪಾಲು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇಟ್ಟ ಮಿತಿ 10. ಎರಡು ನಿಮಿಷ ನೀರು ಬಿಟ್ಟಮೇಲೆ 2ರ ಒಳಗೆ.

‘ಎರಡು ನಿಮಿಷ ಸುಮ್ಮನೆ ಬಿಡೋದಾ? ಕಾವೇರಿ ಬರೋದೇ ದಿನ ಬಿಟ್ಟು ದಿನ’ ಅಂದರು ಅಮ್ಮ. ಕರಿಬೇವಿನ ಗಿಡಕ್ಕೆ ಹಾಕ್ತೀನಿ ಅಂದರು, ಬೇಡ ಅಂದೆ. ಈಗ ಅದು ಬಚ್ಚಲಿನ ಬಕೆಟ್ಟಿಗೆ ಹೋಗುತ್ತದೆ.