ಯಾಶಿಕಾ ಶಟರ್ ಬಿಡಿಸಿದ್ದು: ನನ್ನ ಅನುಭವ

ಸಾಗರದ ಮನೆಯ ಅಟ್ಟದಲ್ಲಿ ಚಿಕ್ಕಪ್ಪನ ಯಾಶಿಕಾ ಮ್ಯಾಟ್ 124ಜಿ ಎಷ್ಟೋ ಮಳೆಗಾಲ ಕಳೆದಿತ್ತು. ಎರಡು ಲೆನ್ಸಿನ ಕ್ಯಾಮೆರಾ, 120 ಅನ್ನೋ ಅಗಲ ಫಿಲ್ಮ್ ರೋಲಿನಲ್ಲಿ 12 ಚೌಕ ಫೋಟೊ. ಫಿಲ್ಮ್ ಹಾಕದೆ, ಹಿಂದಿನ ಬಾಗಿಲು ತೆಗೆದು, ಕ್ರ್ಯಾಂಕ್ ತಿರುಗಿಸಿ ಗುಂಡಿ ಒತ್ತಿದೆ. ಶಟರ್ ಎಲೆಗಳು, ಅಂದರೆ ಲೆನ್ಸಿನೊಳಗೆ ತೆರೆದು ಮುಚ್ಚಿ ಬೆಳಕು ಬಿಡುವ ತೆಳು ತಗಡುಗಳು, ಅರ್ಧ ತೆರೆದು ಅಲ್ಲೇ ನಿಂತವು. ಸ್ವಲ್ಪ ಹೊತ್ತಾದ ಮೇಲೆ ನಿಧಾನಕ್ಕೆ ಮುಚ್ಚಿಕೊಂಡವು.

ಆಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟೆ. ಮರುದಿನ ಶಟರ್ ಅಲುಗಾಡಲೇ ಇಲ್ಲ. ಈ ಎಲೆಗಳು ಒಣಗಿಯೇ ಓಡಬೇಕು. ತುಂಬಾ ತೆಳು, ಒಂದರ ಮೇಲೊಂದು ಜಾರುವಂಥವು. ನಡುವೆ ಎಣ್ಣೆ ಸೇರಿದರೆ ಒದ್ದೆ ಗಾಜುಗಳ ಹಾಗೆ ಕಚ್ಚಿಕೊಳ್ಳುತ್ತವೆ. ಎಳೆಯುವ ಸ್ಪ್ರಿಂಗಿಗೆ ಅಷ್ಟು ಬಲ ಇರಲ್ಲ.

ಫೋಟೊ ತೆಗೆಯುವ ಲೆನ್ಸ್ ಅಂದರೆ ಕೆಳಗಿನದು. ಅದರ ಮುಂಭಾಗ ತಿರುಪಿನಲ್ಲಿ ಕೂತಿರುತ್ತದೆ. ಪ್ಲಾಸ್ಟಿಕ್ ಕುರ್ಚಿ ಕಾಲಿನ ರಬ್ಬರ್ ಬುಷ್ ಅಂಚಿಗೆ ಒತ್ತಿ ಎಡಕ್ಕೆ ತಿರುಗಿಸಿದೆ. ಬುಷ್ ಟೊಳ್ಳಾಗಿದ್ದರಿಂದ ಗಾಜಿಗೆ ತಾಗಲಿಲ್ಲ. ಲೆನ್ಸ್ ಬಿಚ್ಚಿ ಬಂತು, ಒಳಗೆ ಎಲೆಗಳು ಕಂಡವು. ಕಪ್ಪು ಎಲೆಗಳ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಪೊರೆ.

ಸಿಗರೇಟ್ ಲೈಟರಿಗೆ ಹಾಕುವ ಪೆಟ್ರೋಲನ್ನು ಇಯರ್‌ಬಡ್ಡಿಗೆ ಹಚ್ಚಿ, ಹಿಂಡಿ, ಮೆಲ್ಲಗೆ ಒರೆಸಿದೆ. ಕಿಟಕಿ ತೆಗೆದಿಟ್ಟು, ದೇವರ ದೀಪದಿಂದ ದೂರ ಕೂತು. ಹತ್ತು ಸಲ ಕ್ಲಿಕ್, ಮತ್ತೆ ಹೊಸ ಬಡ್. ಶಟರ್ ಚುರುಕಾಯಿತು. ಖುಷಿಯಿಂದ ಲೆನ್ಸ್ ಕೂರಿಸಿ ಮಲಗಿದೆ. ಬೆಳಿಗ್ಗೆ ಮತ್ತೆ ಅಂಟಿಕೊಂಡಿತ್ತು.

ಇಲ್ಲೇ ಜಾಸ್ತಿ ಜನ ಕೈಬಿಡುವುದು. ಪೆಟ್ರೋಲ್ ಒದ್ದೆ ಇರುವಷ್ಟು ಹೊತ್ತು ಎಲೆ ಓಡುತ್ತದೆ. ಅದು ಆರಿದ ಮೇಲೆ, ಸಂದಿಯಿಂದ ಕರಗಿ ಬಂದ ಎಣ್ಣೆ ಅಲ್ಲೇ ಉಳಿಯುತ್ತದೆ. ಹಾಗಾಗಿ ರಾತ್ರಿಯಿಡೀ ಒಣಗಿಸಿ, ಬೆಳಿಗ್ಗೆ ನೋಡಿ, ಮತ್ತೆ ಒರೆಸಬೇಕು. ನನಗೆ ಐದು ದಿನ ಹಿಡಿಯಿತು. ಕೊನೆಯ ದಿನದ ಬಡ್ ಬೆಳ್ಳಗೇ ಬಂತು. ಬೈಕಿನ ಪೆಟ್ರೋಲ್ ಮಾತ್ರ ಬೇಡ, ಆರಿದ ಮೇಲೆ ಜಿಡ್ಡು ಬಿಡುತ್ತದೆ.

ಶಟರ್ ವೇಗ, ಅಂದರೆ ಅದು ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋದನ್ನು ನೋಡಲು ಫೋನಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 240 ಫ್ರೇಮ್ ಇಟ್ಟು, ಹಿಂದಿನಿಂದ ಬೆಳಕಿನತ್ತ ನೋಡುತ್ತಾ ಚಿತ್ರೀಕರಿಸಿದೆ. 1/30 ಸೆಕೆಂಡಿಗೆ 8 ಫ್ರೇಮ್, 1/60ಕ್ಕೆ 4 ಫ್ರೇಮ್ ಬರಬೇಕು. ಹೆಚ್ಚುಕಮ್ಮಿ ಅಷ್ಟೇ ಬಂತು. 1/500 ಈ ಲೆಕ್ಕಕ್ಕೆ ಸಿಗಲ್ಲ, ಅದನ್ನು ಫಿಲ್ಮಿನಲ್ಲೇ ನೋಡಬೇಕು.

ಒಂದು ಸೆಕೆಂಡಿಗೆ ಮಾತ್ರ 240ರ ಬದಲು 300 ಫ್ರೇಮ್ ಬಂತು. ನಿಧಾನ ವೇಗಗಳಲ್ಲಿ ಶಟರನ್ನು ಅಷ್ಟು ಹೊತ್ತು ತಡೆದು, ಆಮೇಲೆ ಬಿಡುವುದು ಗಡಿಯಾರದಂಥ ಪುಟ್ಟ ಗೇರುಗಳು. ಅಲ್ಲಿಗೆ ಹೋಗಲು ಮುಂದಿನ ಫಲಕವನ್ನೇ ಬಿಚ್ಚಬೇಕು, ನನ್ನ ಕೈಗೆ ಅಷ್ಟು ಅಭ್ಯಾಸವಿಲ್ಲ. ಸೆಲ್ಫ್ ಟೈಮರನ್ನೂ ಮುಟ್ಟಲಿಲ್ಲ. ಹಳೇ ಕ್ಯಾಮೆರಾದಲ್ಲಿ ಅದು ನಡುವೆ ನಿಂತರೆ ಶಟರನ್ನೂ ಹಿಡಿದುಕೊಳ್ಳುತ್ತದೆ.

ಈಗ ಚರ್ಮದ ಚೀಲದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: 1 ಸೆಕೆಂಡ್ ಅಂದರೆ ಒಂದೂಕಾಲು.