ಕಾಗದದ ಆನೆ ಮೂರು ದಸರಾ ದಾಟಿತು: ನನ್ನ ಅನುಭವ

ಕಾಗದದ ಗೊಂಬೆ ಮಳೆಗಾಲ ತಡೆಯಲ್ಲ ಅಂದವರೇ ಜಾಸ್ತಿ. ನಮ್ಮತ್ತೆ ಅಂದರು, ಗೊಂಬೆ ಅಂಗಡಿಯವರು ಅಂದರು, ಎದುರು ಮನೆಯವರಂತೂ ಪ್ರತಿ ವರ್ಷ ತಪ್ಪದೆ ಅಂದರು. ಈಗ ನೋಡಿ, 2023ರಲ್ಲಿ ಮಾಡಿದ ಆನೆಗಳು 2025ರ ದಸರಾದಲ್ಲೂ ಮೆಟ್ಟಿಲ ಮೇಲೆ ಗಟ್ಟಿಯಾಗಿ ನಿಂತಿದ್ದವು. ಒಂದಕ್ಕೂ ಬೂಷ್ಟು ಹಿಡಿದಿಲ್ಲ, ಒಂದಕ್ಕೂ ಹುಳು ಬಿದ್ದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಮೆಟ್ಟಿಲು ಜೋಡಿಸುವುದು, ಪಟ್ಟದ ಗೊಂಬೆ ಕೂರಿಸುವುದು, ಇದೆಲ್ಲ ಗೊಂಬೆ ಕೂರಿಸುವ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಮಕ್ಕಳ ಕೈಲಿ ಜಂಬೂಸವಾರಿ ಮಾಡಿಸಿದ್ದು ಹೇಗೆ ಅನ್ನುವುದಷ್ಟೇ ಇಲ್ಲಿ.

2020ರಲ್ಲಿ ಕೊರೊನಾ ಅಂತ ಜಂಬೂಸವಾರಿ ಅರಮನೆ ಆವರಣದೊಳಗೇ ಮುಗಿಯಿತಲ್ಲ, ಅರ್ಜುನನ ಬದಲು ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತಿದ್ದೂ ಆ ವರ್ಷವೇ, ಅವತ್ತಿನಿಂದ ನಮ್ಮ ಮಕ್ಕಳಿಗೆ ಮನೆಯಲ್ಲೇ ಮೆರವಣಿಗೆ ಬೇಕು ಅನ್ನುವ ಹಠ ಹಿಡಿಯಿತು. ಅಂಗಡಿಯಲ್ಲಿ ಕೇಳಿದೆ. ಸ್ವಲ್ಪ ದೊಡ್ಡ ಸೆಟ್ಟಿಗೆ ಐದಾರು ಸಾವಿರ ಹೇಳಿದರು. ಅದೂ ಎಲ್ಲ ಆನೆಗೂ ಒಂದೇ ಅಚ್ಚು, ಒಂದೇ ಮುಖ. ಮಗಳು ಅಲ್ಲೇ ನಿಂತು, "ಅಮ್ಮ, ಇದರಲ್ಲಿ ಬಾವುಟ ಹೊರುವ ನಿಶಾನೆ ಆನೆ ಯಾವುದು? ನಗಾರಿಯ ನೌಫತ್ ಆನೆ ಯಾವುದು? ಕುಮ್ಕಿ ಆನೆಗೂ ದಂತ ಇಟ್ಟಿದ್ದಾರಲ್ಲ" ಅಂದಳು. ಅವಳು ಹೇಳಿದ್ದು ಸರಿಯೇ. ಅಂಬಾರಿ ಆನೆಯ ಅಕ್ಕಪಕ್ಕ ಬರುವ ಕುಮ್ಕಿಗಳು ಹೆಣ್ಣಾನೆಗಳು. ದುಡ್ಡು ಕೊಟ್ಟು ತಪ್ಪು ಗೊಂಬೆ ಯಾಕೆ ತರುವುದು ಅಂತ ವಾಪಸ್ ಬಂದೆವು.

ಮೊದಲು ಎಲ್ಲರೂ ಮಾಡುವ ಹಾಗೆ ಮೈದಾ ಅಂಟಿನಲ್ಲೇ ಶುರು ಮಾಡಿದೆವು. ನೀರಿನ ಬಾಟಲಿಗೆ ಕಾಗದದ ಮುದ್ದೆ ಮೆತ್ತಿದರೆ ಆನೆ ಹೊಟ್ಟೆ ರೆಡಿ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ಆದರೆ ಒಣಗುತ್ತಾ ಮುದ್ದೆ ಬಿಗಿಯುತ್ತದೆ, ಒಳಗಿನ ಬಾಟಲಿ ಬಗ್ಗಲ್ಲ, ಹೊಟ್ಟೆ ಉದ್ದಕ್ಕೂ ಬಿರುಕು ಬಿಡುತ್ತದೆ. ಬಿರುಕು ಮುಚ್ಚಲು ಮತ್ತೆ ಮೆತ್ತಿದರೆ ಪಕ್ಕದಲ್ಲಿ ಇನ್ನೊಂದು. ಹೇಗೋ ಬಣ್ಣ ಬಳಿದು ಆ ವರ್ಷ ಕೂರಿಸಿದೆವು. ಯುಗಾದಿಗೆ ಮನೆ ತೊಳೆಯುವಾಗ ಅಟ್ಟದಿಂದ ಇಳಿಸಿದರೆ ಜಿರಳೆ ಕಿವಿ ತಿಂದಿದ್ದವು, ಹೊಟ್ಟೆ ಕೆಳಗೆ ಹಸಿರು ಬೂಷ್ಟು. ಅತ್ತೆ ನೋಡಿ, "ಮಳೆಗಾಲದಲ್ಲಿ ಕಾಗದದ ಗೊಂಬೆ ಮಾಡಿದರೆ ಒಣಗೋದು ಯಾವಾಗಮ್ಮಾ? ದೀಪಾವಳಿಗೇನಾ?" ಅಂದರು. ಮೈದಾ ಅಂಟು ನಂಬಿಕೊಂಡ ಎರಡು ವರ್ಷದಲ್ಲಿ ಬಣ್ಣ, ಅಂಟು ಅಂತ ಏಳೆಂಟು ನೂರು ಹೋಯಿತು. ನೆನೆದ ಕಾಗದ ತಿರುವಿ ಮಿಕ್ಸಿ ಕೆಟ್ಟಿತು, ಅದರ ರಿಪೇರಿಗೆ ಬೇರೆ ನಾನೂರೋ ಐನೂರೋ ಕೊಟ್ಟ ನೆನಪು.

ದಾರಿ ಸಿಕ್ಕಿದ್ದು ನಮ್ಮಮ್ಮನ ಊರಲ್ಲಿ, ಪಾಂಡವಪುರದ ಕಡೆ. ಅಜ್ಜಿ ಕಾಲದ ಒಂದು ಬುಟ್ಟಿ ಅಟ್ಟದ ಮೇಲಿತ್ತು. ಹಿಂದೆ ಬಿದಿರಿನ ಮೊರ, ಬುಟ್ಟಿಗಳ ಸಂದು ಮುಚ್ಚಲು ಹಳೇ ಕಾಗದ ಮತ್ತು ಮೆಂತ್ಯ ನೆನೆಸಿ ರುಬ್ಬಿ ಬಳಿಯುತ್ತಿದ್ದರಲ್ಲ, ಅಂಥದ್ದು. ಉಗುರಲ್ಲಿ ಕೆರೆದು ನೋಡಿದೆ, ಹಲಗೆಯಷ್ಟು ಗಟ್ಟಿ. ಬಿದಿರಿಗೆ ಹುಳು ಹೊಡೆದಿತ್ತು, ಆದರೆ ಮೆಂತ್ಯ ಬಳಿದ ಕಡೆ ಒಂದು ತೂತೂ ಇಲ್ಲ. ಇದಕ್ಕಿಂತ ಇನ್ನೇನು ಬೇಕು ಅಲ್ವಾ?

ಅಲ್ಲಿಂದ ಮೈದಾ ಪೂರ್ತಿ ಬಿಟ್ಟೆ. ಎರಡು ಕೆಜಿ ನ್ಯೂಸ್‌ಪೇಪರಿಗೆ ಹೆಚ್ಚುಕಮ್ಮಿ ಕಾಲು ಕೆಜಿ ಮೆಂತ್ಯ. ಬಣ್ಣದ ಪುರವಣಿಯ ನುಣುಪು ಹಾಳೆ ಬೇಡ, ಅದು ನೆನೆಯುವುದಿಲ್ಲ. ಕಾಗದ ಹರಿದು ಮೂರು ದಿನ ನೆನೆಸಿ, ದಿನಾ ನೀರು ಬದಲಾಯಿಸಿ, ಕೊನೆಯ ರಾತ್ರಿ ಬೇರೆ ಪಾತ್ರೆಯಲ್ಲಿ ಮೆಂತ್ಯ ನೆನೆಹಾಕಿ. ರುಬ್ಬುವುದು ಒರಳುಕಲ್ಲಲ್ಲೇ. ನಮ್ಮ ಹಿತ್ತಲಲ್ಲಿ ಸುಮ್ನೆ ಬಿದ್ದಿದ್ದ ಕಲ್ಲು ಅದು. ಮೆಂತ್ಯ ಮೊದಲು ನುಣ್ಣಗೆ ತಿರುವಿ ಆಮೇಲೆ ಕಾಗದ ಹಾಕಬೇಕು. ಮಕ್ಕಳು ಸರದಿ ಮೇಲೆ ತಿರುವಿದರು. ಹದ ಬಂತು ಅನ್ನುವುದಕ್ಕೆ ಗುರುತು ಇಷ್ಟೇ: ಕೈಯಲ್ಲಿ ಹಿಡಿದು ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಬರಬಾರದು, ಮುದ್ದೆಯೇ ಬರಬೇಕು. ರುಬ್ಬುವ ಕೊನೆಗೆ ನಾನು ಇನ್ನೊಂದು ಪುಡಿ ಹಾಕುತ್ತೇನೆ. ಅಡುಗೆಮನೆಯದೇ, ಮಕ್ಕಳ ಕೈಗೆ ಏನೂ ಆಗುವುದಿಲ್ಲ. ಬಿರುಕು ನಿಂತಿದ್ದು ಅದರಿಂದಲೇ ಅಂತ ನನ್ನ ನಂಬಿಕೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕಂಡುಕೊಳ್ಳಲು ಬಹಳ ಕಷ್ಟಪಟ್ಟಿದ್ದೇನೆ.

ಒಳಗಿನ ಹಂದರಕ್ಕೆ ಬಾಟಲಿ ಬೇಡವೇ ಬೇಡ. ಕಾಗದ ಉಂಡೆ ಕಟ್ಟಿ ನೂಲು ಸುತ್ತಿದರೆ ಅದೂ ಮುದ್ದೆಯ ಜೊತೆಗೇ ಬಿಗಿಯುತ್ತದೆ. ಕಾಲಿಗೆ ಊದುಬತ್ತಿಯ ರಟ್ಟಿನ ಕೊಳವೆ, ಮೈಸೂರಲ್ಲಿ ಅದಕ್ಕೇನು ಬರ, ಬೇಕಾದ ಅಳತೆಗೆ ಕತ್ತರಿಸಿದರಾಯಿತು. ಸೊಂಡಿಲಿಗೆ ಕಂಬಿ ಕಟ್ಟುವ ತಂತಿ, ಎರಡೆಳೆ ಹೊಸೆದು ಹೊಟ್ಟೆಯ ತನಕ ಓಡಿಸಬೇಕು. ತಲೆಗೆ ಮಾತ್ರ ಸಿಕ್ಕಿಸಿದರೆ ಮೊದಲನೇ ದಿನವೇ ಯಾವುದಾದರೂ ಮಗು ಹಿಡಿದು ಎಳೆದು ಕೈಗೆ ಕಿತ್ತುಕೊಳ್ಳುತ್ತದೆ.

ಕಿವಿಯ ವಿಷಯ ಸ್ವಲ್ಪ ಹೇಳಲೇಬೇಕು. ರಟ್ಟು ನೆನೆದರೆ ಜೋಲುತ್ತದೆ, ಪ್ಲಾಸ್ಟಿಕ್ಕಿಗೆ ಮುದ್ದೆ ಹಿಡಿಯಲ್ಲ. ಮಗ ಒಂದು ದಿನ ಹುಟ್ಟುಹಬ್ಬದ ಊಟದಲ್ಲಿ ಮಿಕ್ಕಿದ್ದ ಅಡಿಕೆ ಹಾಳೆ ತಟ್ಟೆ ತಂದ. ಅದನ್ನು ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟು, ಕಿವಿ ಆಕಾರಕ್ಕೆ ಕತ್ತರಿಸಿ, ಲೋಟದ ಹೊರಮೈಗೆ ಒತ್ತಿ ದಾರ ಸುತ್ತಿ ರಾತ್ರಿ ಬಿಟ್ಟ. ಬೆಳಗ್ಗೆ ಬಿಚ್ಚಿದರೆ ಆನೆ ಕಿವಿಯ ಅದೇ ಬಾಗು, ಹಾಳೆಯ ಗೆರೆಗಳು ಅದರ ನರದ ಹಾಗೆ! ಮುದ್ದೆ ಮೆತ್ತುವ ಕೆಲಸವೇ ಇಲ್ಲ, ಕಿವಿಯ ಬುಡಕ್ಕೆ ಮಾತ್ರ ಹಚ್ಚಿ ಕೂರಿಸಿ ಬಣ್ಣ ಬಳಿದರೆ ಮುಗಿಯಿತು. ಒಂಬತ್ತು ವರ್ಷದ ಹುಡುಗನಿಗೆ ಹೊಳೆದದ್ದು ಇದು, ಹೆಮ್ಮೆಯಿಂದಲೇ ಹೇಳುತ್ತೇನೆ.

ಒಣಗಿಸುವುದರಲ್ಲೇ ಎಲ್ಲರೂ ಸೋಲುವುದು. ಬಿಸಿಲಿಗಿಟ್ಟರೆ ಮೇಲೆ ಒಣಗುತ್ತದೆ, ಒಳಗೆ ಹಸಿ ಉಳಿದು ಬೂಷ್ಟು ಬರುತ್ತದೆ. ಒಂದು ಸಲಕ್ಕೆ ಅರ್ಧ ಬೆರಳು ದಪ್ಪಕ್ಕಿಂತ ಜಾಸ್ತಿ ಮೆತ್ತಬೇಡಿ. ಅದು ಪೂರ್ತಿ ಒಣಗಿದ ಮೇಲೆ ಮುಂದಿನ ಪದರ. ನೆಲದ ಮೇಲೆ ಇಡಬೇಡಿ, ಬೆತ್ತದ ಸ್ಟೂಲಿನ ಮೇಲೋ ಮೊರದ ಮೇಲೋ ಇಟ್ಟರೆ ಕೆಳಗಿಂದಲೂ ಗಾಳಿ ಆಡುತ್ತದೆ. ಇದಕ್ಕೆ ನಮ್ಮೂರ ಆಷಾಢವೇ ಸರಿಯಾದ ಕಾಲ. ಮೋಡ ಇರುತ್ತದೆ, ತುಂತುರು ಇರುತ್ತದೆ, ಆದರೆ ಆ ಗಾಳಿ ಇಡೀ ದಿನ ಬೀಸುತ್ತದೆ. ವರಾಂಡದಲ್ಲಿ ನೆರಳಲ್ಲೇ ಒಣಗಿದವು. ಗೌರಿಹಬ್ಬದ ಹೊತ್ತಿಗೆ ಮೈ ಮುಗಿದಿರಬೇಕು, ಮಹಾಲಯ ಅಮಾವಾಸ್ಯೆಗೆ ಮೊದಲು ಬಣ್ಣ. ಮೆಂತ್ಯದ ವಾಸನೆ ಒಂದೆರಡು ವಾರ ಇಡೀ ಮನೆಗೆ ಹಿಡಿಯುತ್ತದೆ. ಯಜಮಾನರು ಗೊಣಗಿದರು, ಆಮೇಲೆ ತಾನಾಗಿ ಹೋಯಿತು.

ನಡುವೆ ಹುಣಸೆ ಬೀಜದ ಅಂಟೂ ಮಾಡಿ ನೋಡಿದೆ. ಕೊಪ್ಪಳದ ಕಿನ್ನಾಳದ ಗೊಂಬೆಗಳಿಗೆ ಅದನ್ನೇ ಬಳಸುತ್ತಾರೆ. ಅಂಟು ಬಹಳ ಗಟ್ಟಿ, ಅನುಮಾನವೇ ಇಲ್ಲ. ಆದರೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ ರುಬ್ಬುವುದರೊಳಗೆ ಮಕ್ಕಳಿಗೆ ಬೇಸರ ಬಂದು ಎದ್ದು ಹೋದರು. ದೊಡ್ಡವರು ಮಾಡುವುದಾದರೆ ಮಾಡಿ. ನಾನು ಅದನ್ನು ದಂತ ಅಂಟಿಸಲು ಮಾತ್ರ ಉಳಿಸಿಕೊಂಡೆ.

ಇನ್ನೊಂದು ಪ್ರಯೋಗ ಅಂಬಾರಿ ತೂಕದ್ದು. ಚಿನ್ನದ ಅಂಬಾರಿ 750 ಕೆಜಿ, ಅಭಿಮನ್ಯು ಐದು ಟನ್‌ಗೂ ಜಾಸ್ತಿ. ಮಗಳು ಲೆಕ್ಕ ಹಾಕಿದಳು: ಆನೆಯ ಏಳರಲ್ಲಿ ಒಂದು ಪಾಲು ಅಂಬಾರಿ. ನಮ್ಮ ಆನೆಯನ್ನು ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ 700 ಗ್ರಾಂ ಹತ್ತಿರ ಬಂತು. ಹಾಗಾದರೆ ಅಂಬಾರಿ 100 ಗ್ರಾಂ ಇರಬೇಕು ಅಂತ ಅವಳ ಪಟ್ಟು. ಮೈಸೂರು ಪಾಕಿನ ಡಬ್ಬದ ಬಂಗಾರದ ಹಾಳೆಯಲ್ಲಿ ಮಂಟಪ ಮಾಡಿ ಒಳಗೆ ಸಣ್ಣ ಕಲ್ಲು ತುಂಬಿದರು. ಮೇಲಿಟ್ಟ ತಕ್ಷಣ ಆನೆ ಪಕ್ಕಕ್ಕೆ ವಾಲಿತು. ನಿಲ್ಲಲಿ ಅಂತ ಕಾಲಿನ ಕೊಳವೆಗೆ ಮರಳು ತುಂಬಿದರೆ ಆನೆ ತೂಕ ಜಾಸ್ತಿ ಆಯಿತು, ಮತ್ತೆ ಅಂಬಾರಿ ತೂಕ ಏರಿಸಬೇಕು! ಒಂದು ಭಾನುವಾರ ಪೂರ್ತಿ ಇದೇ ಆಯಿತು. ಕೊನೆಗೆ ನಿಜವಾದ ಆನೆಗೆ ಬೆನ್ನ ಮೇಲೆ ಮೆತ್ತೆಯ ಹಾಗೆ ಗಾದಿ, ನಮ್ದಾ ಕಟ್ಟಿದ ಮೇಲೆ ತಾನೇ ಅಂಬಾರಿ ಏರಿಸುವುದು ಅಂತ ಮಗನಿಗೆ ನೆನಪಾಗಿ, ಹಳೇ ಕಂಬಳಿ ತುಂಡು ಎರಡು ಪದರ ಹಾಸಿ ಹೊಟ್ಟೆ ಸುತ್ತ ದಾರ ಬಿಗಿದ. ಅಲುಗಾಡದೆ ನಿಂತಿತು. ನಮ್ದಾ ಯಾಕೆ ಕಟ್ಟುತ್ತಾರೆ ಅಂತ ಇಬ್ಬರಿಗೂ ಅವತ್ತು ಚೆನ್ನಾಗಿ ಗೊತ್ತಾಯಿತು.

ಗಜಪಡೆಯಲ್ಲಿ ಈಚಿನ ವರ್ಷಗಳಲ್ಲಿ 14 ಆನೆ ಬರುತ್ತಿವೆ. ನಾವು ಒಂಬತ್ತು ಮಾಡಿದೆವು, ಮುಂದೆ ಒಂದು ನಂದಿಧ್ವಜ. ಹಣೆ ಮತ್ತು ಸೊಂಡಿಲಿಗೆ ಹೂಬಳ್ಳಿ, ಗಂಡಭೇರುಂಡ ಎಲ್ಲ ಮಗಳೇ ಬರೆದದ್ದು. ಬಣ್ಣಕ್ಕೆ ಮುಂಚೆ ಪ್ರೈಮರ್ ಒಂದು ಕೋಟ್ ಸಾಲದು, ಎರಡು ಬೇಕು, ನಡುವೆ ಸ್ಯಾಂಡ್ ಪೇಪರ್ ಉಜ್ಜಬೇಕು. ಮೇಲಿನ ಹೊಳಪಿಗೆ ನಾನು ಬಳಸುವುದು ವಾರ್ನಿಶ್ ಅಲ್ಲ, ಅಷ್ಟು ಹೇಳಬಲ್ಲೆ. ಒಟ್ಟು ಖರ್ಚು: ಮೆಂತ್ಯ ಮೂವತ್ತೋ ನಲವತ್ತೋ, ತಂತಿ ಐವತ್ತರೊಳಗೆ, ಪ್ರೈಮರ್ ಮತ್ತು ಬಣ್ಣಕ್ಕೆ ಐನೂರು ಚಿಲ್ಲರೆ, ಆನೆಗೆ ಹೊದಿಸುವ ಜೂಲಿಗೆ ಹಳೇ ಸೀರೆಯ ಜರಿ ಅಂಚು. ಎಲ್ಲ ಸೇರಿ ಸಾವಿರ ಮುಟ್ಟಲಿಲ್ಲ.

ಆ ಒಂಬತ್ತರಲ್ಲಿ ಅರ್ಜುನನೂ ಇದ್ದ. 2012ರಿಂದ 2019ರ ತನಕ ಅಂಬಾರಿ ಹೊತ್ತವನು, ಮಕ್ಕಳು ಬೀದಿಯಲ್ಲಿ ಕಣ್ಣಾರೆ ಕಂಡ ಆನೆ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಜೊತೆ ಕಾದಾಡುತ್ತಾ ಅವನು ಸತ್ತ ಸುದ್ದಿ ಬಂದಾಗ ಮಗ ಅಟ್ಟ ಹತ್ತಿ ಟ್ರಂಕ್ ತೆಗೆದು ಆ ಗೊಂಬೆ ಕೆಳಗಿಳಿಸಿದ. ಇಬ್ಬರೂ ಸೇರಿ ಬಣ್ಣ ತಿದ್ದಿದರು. ಈಗಲೂ ಸಾಲಿನಲ್ಲಿ ಅವನ ಜಾಗ ಅವನಿಗೇ.

ಗಟ್ಟಿತನಕ್ಕೆ ಸಾಕ್ಷಿ ಬೇಕಾದರೆ ಇದು ಕೇಳಿ. ಹೋದ ವರ್ಷ "ಗೊಂಬೆ ಕೂರ್ಸಿದ್ದೀರಾ?" ಅಂತ ಬಂದ ಮಕ್ಕಳ ದಂಡಿನಲ್ಲಿ ಒಂದು ಪುಟ್ಟಿ ಉಸಲಿ ತಿನ್ನುತ್ತಾ ಮೆಟ್ಟಿಲ ಮೇಲಿನ ಬಟ್ಟೆ ಎಳೆದಳು. ಎರಡು ಮಣ್ಣಿನ ಗೊಂಬೆ ಚೂರಾದವು. ಅದೇ ಎತ್ತರದಿಂದ ಬಿದ್ದ ನಮ್ಮ ಕುಮ್ಕಿ ಆನೆಗೆ ಮೊಣಕಾಲ ಹತ್ತಿರ ಸ್ವಲ್ಪ ತಗ್ಗು, ಅಷ್ಟೇ. ಅತ್ತೆಯೇ ಎತ್ತಿ ಕೂರಿಸಿ, "ಪರವಾಗಿಲ್ಲ ಕಣಮ್ಮ, ಗಟ್ಟಿಯಾಗೇ ಮಾಡಿದ್ದೀರ" ಅಂದರು. ಎದುರು ಮನೆಯವರು ಮುಂದಿನ ವರ್ಷಕ್ಕೆ ನಮಗೂ ಒಂದು ಸೆಟ್ ಮಾಡಿಕೊಡಿ, ಮೂರು ಸಾವಿರ ಕೊಡುತ್ತೇವೆ ಅಂದಿದ್ದಾರೆ. ಮಕ್ಕಳು ಒಪ್ಪಲಿಲ್ಲ, ಬೇಕಾದರೆ ಅವರ ಮನೆ ಮಕ್ಕಳಿಗೆ ಕಲಿಸಿಕೊಡುತ್ತೇವೆ ಅಂದರು.

ಎತ್ತಿಡುವಾಗ ಒಂದೊಂದನ್ನೂ ಹಳೇ ಪಂಚೆ ತುಂಡಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ, ಒಂದು ಚೂರು ಬಜೆ ಜೊತೆಗಿಡಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತದೆ. ಈಗ ಕುದುರೆಗಳು ಬಾಕಿ. ಅದರ ಸಣ್ಣ ಕಾಲಿಗೆ ಊದುಬತ್ತಿ ಕೊಳವೆ ದಪ್ಪವಾಯಿತು, ತಂತಿ ಬಗ್ಗುತ್ತದೆ. ತೆಂಗಿನ ಗರಿಯ ಕಡ್ಡಿ ನಾಲ್ಕೈದು ಸೇರಿಸಿ ಕಟ್ಟಿ ನೋಡುತ್ತಿದ್ದೇವೆ. ನೀವೂ ಈ ಸಲ ಮಾಡುವುದಾದರೆ ಇವತ್ತಿಂದಲೇ ಪೇಪರ್ ಗುಜರಿಗೆ ಹಾಕುವುದನ್ನು ನಿಲ್ಲಿಸಿ. ಆಷಾಢ ಕಳೆದ ಮೇಲೆ ಶುರು ಮಾಡಿದರೆ ಒಣಗುವುದಿಲ್ಲ.