ಲೀಡ್ಸ್ ಕಡೆ ಹೊಸದಾಗಿ ಬಂದವರಿಗೆ: ಸಾಲ್ಟ್ಸ್ ಮಿಲ್ ಹೀಗೆ ನೋಡಿ

ಲೀಡ್ಸ್, ಬ್ರಾಡ್‌ಫರ್ಡ್ ಕಡೆ ಬಂದು ಸ್ವಲ್ಪ ನೆಲೆ ಕಂಡ ಮೇಲೆ ಒಂದು ದಿನ ಸಾಲ್ಟೇರ್‌ಗೆ ಹೋಗಿ ಬನ್ನಿ. ಲೀಡ್ಸ್‌ನಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿ. ಸ್ಟೇಷನ್ ಪಕ್ಕದಲ್ಲೇ ಸಾಲ್ಟ್ಸ್ ಮಿಲ್. ಹಿಂದೆ ಉಣ್ಣೆ ಗಿರಣಿ, ಈಗ ಗ್ಯಾಲರಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಜಾಸ್ತಿ ಜನ ಸೀದಾ ಒಳಗೆ ಹೋಗಿ, ಕಲಾವಿದ ಡೇವಿಡ್ ಹಾಕ್ನಿಯ ಚಿತ್ರ ನೋಡಿ, ಕಾಫಿ ಕುಡಿದು ವಾಪಸ್ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಹೊರಗೆ ನಿಂತು ರೈಲು ಹಳಿಯ ಕಡೆಯ ಮುಖ ನೋಡಿ. 545 ಅಡಿ ಉದ್ದದ ಕಲ್ಲಿನ ಕಟ್ಟಡ, ಸಾಲು ಸಾಲು ಕಿಟಕಿ, ಎರಡು ಗೋಪುರ. ಉಣ್ಣೆ ಗಿರಣಿಗೆ ಇಟಲಿಯ ಅರಮನೆಯ ಕಳೆ! ವಿನ್ಯಾಸ ಲಾಕ್‌ವುಡ್ ಮತ್ತು ಮಾಸನ್ ಅವರದು, ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್. ಒಳಗೆ ಹೋದಾಗ ತಲೆ ಎತ್ತಿ ನೋಡಿ. ಎರಕದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಇಟ್ಟಿಗೆಯ ಕಮಾನುಗಳು. ಇದು ಬರೀ ಅಂದಕ್ಕಲ್ಲ. ಯಂತ್ರದ ಎಣ್ಣೆ, ಉಣ್ಣೆಯ ಧೂಳು ಸೇರಿದ ಕಡೆ ಮರದ ಮಹಡಿ ಹಾಕಿದರೆ ಒಂದು ಕಿಡಿ ಸಾಕು, ಅಲ್ವಾ?

ಕಟ್ಟಿಸಿದವನು ಟೈಟಸ್ ಸಾಲ್ಟ್. ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯಿಂದ ಸಿರಿವಂತನಾದವನು. ಆಗಿನ ಬ್ರಾಡ್‌ಫರ್ಡ್‌ನಲ್ಲಿ ಉಸಿರು ಕಟ್ಟುವ ಹೊಗೆ, ಹೊಲಸು ನೀರು. 1849ರಲ್ಲಿ ಕಾಲರಾ ನೂರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಊರಾಚೆ ನದಿ, ಕಾಲುವೆ, ರೈಲು ಮೂರೂ ಕೂಡುವ ಜಾಗ ಹುಡುಕಿ ಗಿರಣಿ ಕಟ್ಟಿದ. 1853ರ ಸೆಪ್ಟೆಂಬರ್ 20ರಂದು, ತನ್ನ ಐವತ್ತನೇ ಹುಟ್ಟುಹಬ್ಬದ ದಿನ, ಅದನ್ನು ತೆರೆದ. ಆಮೇಲೆ ಕೆಲಸಗಾರರಿಗೆ ಎಂಟುನೂರಕ್ಕೂ ಹೆಚ್ಚು ಮನೆ, ಶಾಲೆ, ಆಸ್ಪತ್ರೆ ಎದ್ದವು. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರು. ಹೆಂಡದಂಗಡಿಗೆ ಮಾತ್ರ ಜಾಗ ಕೊಡಲಿಲ್ಲ. ಒಳ್ಳೆಯ ಮನೆ ಕೊಟ್ಟ ಧಣಿಯೇ, ಅಲ್ಲಿ ಹೇಗೆ ಬದುಕಬೇಕು ಅನ್ನೋದನ್ನೂ ತೀರ್ಮಾನಿಸಿದ. ನನಗೆ ಅವನ ಬಗ್ಗೆ ಗೌರವವಿದೆ, ಆದರೂ ಈ ಮಾತು ಮರೆಯಬಾರದು.

1986ರಲ್ಲಿ ಗಿರಣಿ ಮುಚ್ಚಿತು. ಮರುವರ್ಷ ಬ್ರಾಡ್‌ಫರ್ಡ್‌ನವರೇ ಆದ ಜೊನಾಥನ್ ಸಿಲ್ವರ್ ಕೊಂಡು, ಗ್ಯಾಲರಿ ಮಾಡಿ ಉಳಿಸಿದರು. 2001ರಲ್ಲಿ ಇಡೀ ಸಾಲ್ಟೇರ್ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು.

ಕಾಲುವೆ ಆಚೆಗಿನ ನ್ಯೂ ಮಿಲ್ ತಪ್ಪಿಸಬೇಡಿ. ಅದರ ಚಿಮ್ನಿಯನ್ನು ವೆನಿಸ್‌ನ ಚರ್ಚೊಂದರ ಗಂಟೆ ಗೋಪುರದ ಮಾದರಿಯಲ್ಲಿ ಕಟ್ಟಿದ್ದಾರೆ. ಬೀದಿಗಳಲ್ಲಿ ಸುತ್ತುವಾಗ ಸುಮ್ನೆ ಕಿಟಕಿಯೊಳಗೆ ಇಣುಕಬೇಡಿ, ಆ ಮನೆಗಳಲ್ಲಿ ಈಗಲೂ ಜನ ಸಂಸಾರ ಮಾಡುತ್ತಿದ್ದಾರೆ.